ಫ್ರೀಜರಿನೊಳಗೆ ಸೋಮ, ಹೊರಗೆ ಚಿಕ್ಕಲಕ್ಷ್ಮಮ್ಮ

ಕೆಂಗೇರಿಯ ಕಡೆಯಿಂದ ಮೊದಲ ಮೆಟ್ರೊ ಇನ್ನೂ ಹೊರಟಿಲ್ಲ. ಹುಣಸೆಕೊಪ್ಪಲಿನ ಕಲ್ಯಾಣ ಮಂಟಪದ ಹಿಂಬಾಗಿಲ ಮುಂದೆ ನಿಂತು ಚಿಕ್ಕಲಕ್ಷ್ಮಮ್ಮ ಜೋರಾಗಿ ಕೆಮ್ಮುತ್ತಾರೆ. ನೆಗಡಿಯೂ ಇಲ್ಲ, ದಮ್ಮೂ ಇಲ್ಲ. ಒಳಗಿರುವವನಿಗೆ ತಾವು ಬಂದದ್ದು ತಿಳಿಯಲಿ ಎಂದು. ಸ್ವಲ್ಪ ಹೊತ್ತು ಕಾಯುತ್ತಾರೆ. ಆಮೇಲೆ ಚಿಲಕ ಸರಿಸಿ, ಮಸಿ ಹಿಡಿದ ಕೊಳದಪ್ಪಲೆಗಳ ನಡುವೆ ದಾರಿ ಮಾಡಿಕೊಂಡು, ಅಡುಗೆಮನೆಯ ಮೂಲೆಯ ಉದ್ದನೆಯ ಬಿಳಿ ಪೆಟ್ಟಿಗೆಯ ಹತ್ತಿರ ಹೋಗುತ್ತಾರೆ. ಪೆಟ್ಟಿಗೆಯ ಮೇಲಿನ ಚಿತ್ರದಲ್ಲಿ ಗುಂಡುಕೆನ್ನೆಯ ಮಗುವೊಂದು ಸ್ಟ್ರಾಬೆರಿ ಕೋನ್ ಹಿಡಿದು ನಗುತ್ತಿದೆ. ಚಿಕ್ಕಲಕ್ಷ್ಮಮ್ಮ ನಗುವುದಿಲ್ಲ. ಅಂಗೈಯನ್ನು ಪೆಟ್ಟಿಗೆಯ ಪಕ್ಕೆಗೆ ಒತ್ತಿ ನಿಲ್ಲುತ್ತಾರೆ. ಗುಂಯ್ ಎನ್ನುತ್ತಿದೆ. ದೀಪವೂ ಉರಿಯುತ್ತಿದೆ.

"ಕರೆಂಟ್ ಐತೆ," ಎಂದು ಉಸಿರು ಬಿಡುತ್ತಾರೆ. "ಈ ಹೊತ್ತಿಗೆ ಐತೆ."

ಫ್ರೀಜರಿನಲ್ಲಿ ಈಗ ಐಸ್‌ಕ್ರೀಮ್ ಇಲ್ಲ. ಸುತ್ತಿನ ಮೇಲೆ ಸುತ್ತು ಪ್ಲಾಸ್ಟಿಕ್ ಹೊದ್ದು ಹುಣಸೆಕೊಪ್ಪಲಿನ ಕೆಂಪು ಸೋಮ ಅಂಗಾತ ಮಲಗಿದ್ದಾನೆ. ಸೋಮನೆಂದರೆ ಊರಮ್ಮನ ಕಾವಲಿನವನು. ಆಳೆತ್ತದ ಬಿದಿರ ಚೌಕಟ್ಟಿಗೆ ಕಟ್ಟಿ ಹೊತ್ತು ಕುಣಿಸುವ ದೊಡ್ಡ ಮರದ ಮುಖವಾಡ; ಹೊರಗೆ ಬಿದ್ದೇಬಿಡುತ್ತವೋ ಎನ್ನಿಸುವ ಕಣ್ಣು, ತುಟಿ ದಾಟಿದ ಕೋರೆ. ವರ್ಷಕ್ಕೊಮ್ಮೆ ಅವನು ಬೀದಿಗಿಳಿದರೆ ಪಿ.ಜಿ.ಯ ಹುಡುಗರೂ ಬಾಲ್ಕನಿಯಿಂದ ಒಳಗೆ ಸರಿಯುತ್ತಾರೆ. ಉಳಿದ ದಿನಗಳಲ್ಲಿ ಅವನು ಊರಿನ ಜಾನಪದ ಮನೆಯಲ್ಲಿ, ಅಂದರೆ ಊರವರೇ ಸೇರಿ ಕಟ್ಟಿಕೊಂಡ ಪುಟ್ಟ ವಸ್ತುಸಂಗ್ರಹಾಲಯದಲ್ಲಿ ಇರುತ್ತಾನೆ. ಆ ಮನೆಯ ಕಸ ಗುಡಿಸುವವರು, ಬೀಗ ತೆಗೆಯುವವರು, ಬಂದವರಿಗೆ ತೋರಿಸುವವರು, ಬಾರದವರನ್ನು ಕಾಯುವವರು ಎಲ್ಲ ಚಿಕ್ಕಲಕ್ಷ್ಮಮ್ಮನೇ.

ಸೋಮನ ಮರಕ್ಕೆ ಹುಳ ಬಿದ್ದಿದೆ. ಅದು ಸಾಯಬೇಕಾದರೆ ಎರಡು ವಾರ ಕಡುಚಳಿಯಲ್ಲಿಡಬೇಕು. ಚಳಿಗೆ ಹುಳ ಮೊದಲು ಸಾಯುತ್ತದೆಯೋ, ಮರ ಮೊದಲು ಸೀಳುತ್ತದೆಯೋ, ಖಾತ್ರಿ ಕೊಡುವವರಿಲ್ಲ. ಸೀಳಿದರೆ ಹೋಗುವುದು ಒಂದು ಮುಖವಾಡವಷ್ಟೇ ಅಲ್ಲ. ಸೋಮನಿದ್ದಾನೆ ಎಂಬ ಧೈರ್ಯದ ಮೇಲೆ ಊರಿನ ಮನೆಗಳವರು ತಮ್ಮ ತಮಟೆ, ಕೊಳಗ, ಕೋಲು, ಗೊಂಬೆಗಳನ್ನು ಅಲ್ಲಿಗೆ ತಂದು ಇಟ್ಟಿದ್ದಾರೆ. ಅವನಿಗೇ ಕೇಡಾಯಿತೆಂದರೆ ಒಬ್ಬೊಬ್ಬರೇ ಬಂದು ಎತ್ತಿಕೊಂಡು ಹೋಗುತ್ತಾರೆ.

"ಯಾರೂ ಕೊಟ್ಟಿಲ್ಲ ಕಣಪ್ಪಾ, ಇಟ್ಟವ್ರೆ," ಎನ್ನುತ್ತಾರೆ ಚಿಕ್ಕಲಕ್ಷ್ಮಮ್ಮ. "ಕೊಟ್ಟಿದ್ದಾದ್ರೆ ಮರ್ತುಬಿಡ್ತಾರೆ. ಇಟ್ಟಿರೋದು ಹಂಗಲ್ಲ. ದಿನಾ ನೆಪ್ಪಾಗ್ತದೆ."

ಜಾನಪದ ಮನೆ ಇರುವುದು ಹಳೆಯ ಹಾಲಿನ ಡೇರಿಯ ಕಟ್ಟಡದಲ್ಲಿ. ಕೆಂಗೇರಿಗೂ ಜ್ಞಾನಭಾರತಿಗೂ ನಡುವೆ ಹೊಲಗಳು ಸೈಟುಗಳಾಗಿ, ಸೈಟುಗಳ ಮೇಲೆ ಮಹಡಿಗಳೆದ್ದು, ಹುಲ್ಲಿಲ್ಲದೆ ಹಸು ಹೋಗಿ, ಹಸುವಿಲ್ಲದೆ ಡೇರಿ ಮುಚ್ಚಿತು. ಆ ಡೇರಿಯ ಕಿಟಕಿಗೆ ದಿನಾ ಹಾಲು ತಂದು ಸುರಿಯುತ್ತಿದ್ದವರಲ್ಲಿ ಚಿಕ್ಕಲಕ್ಷ್ಮಮ್ಮನೂ ಒಬ್ಬರು. ಹಸು ಮಾರಿದ ಮೇಲೆ ಲೇಔಟಿನ ಮನೆಗಳಲ್ಲಿ ಪಾತ್ರೆ ತಿಕ್ಕಿದರು. ಗಂಡ ಅಪಾರ್ಟ್‌ಮೆಂಟೊಂದರ ಕಾವಲಿಗೆ ಸೇರಿದ. ಅವನೂ ಕಾವಲು, ತಾವೂ ಕಾವಲು. ತಮ್ಮ ಮನೆಗೆ ಮಾತ್ರ ಯಾರೂ ಇರುವುದಿಲ್ಲ ಎಂದು ಆಕೆಯೇ ಹೇಳಿ ನಗುತ್ತಾರೆ.

ಊರಿನ ಹಿರಿಯ ಮರಿಯಪ್ಪನವರು ನಾಲ್ಕು ಜನರನ್ನು ಸೇರಿಸಿ ಡೇರಿಯಲ್ಲಿ ಜಾನಪದ ಮನೆ ತೆರೆದಾಗ ಗುಡಿಸಲು ಒಬ್ಬರು ಬೇಕಾಯಿತು. "ಕಸ ಗುಡ್ಸೋಕೆ ಸೇರಿಸ್ಕೊಂಡ್ರು. ಕಸ ಯಾವ್ದು, ಸಾಮಾನ್ ಯಾವ್ದು ಅಂತ ಯಾರೂ ಹೇಳಿಕೊಡ್ಲಿಲ್ಲ," ಎನ್ನುತ್ತಾರೆ. ಹೇಳಿಕೊಡದೇ ಇದ್ದದ್ದೇ ಒಳ್ಳೆಯದಾಯಿತು. ಊರಲ್ಲಿ ಎಲ್ಲಿ ಹಳೆಯ ಮನೆ ಕೆಡವಿದರೂ ಆಕೆ ಹೋಗಿ ನಿಲ್ಲತೊಡಗಿದರು. ಜೆಸಿಬಿ ಓಡಿಸುವವರಿಗೆಲ್ಲ ಈಗ ಪರಿಚಯ. "ಅಜ್ಜೀ, ಪಕ್ಕಕ್ಕೆ ಬನ್ನಿ, ಗೋಡೆ ಬೀಳ್ತದೆ!" ಎಂದು ಡ್ರೈವರ್ ಕೂಗಿದರೆ, "ನೀನ್ ಆ ಕಡೆ ಕೆಡವ್ತಾ ಇರು ಮಗಾ, ನಾನ್ ಈ ಕಡೆ ಹುಡುಕ್ತೀನಿ!" ಎಂದು ಇವರು. ಹಾಗೆ ಮಣ್ಣಿನಿಂದ ಎದ್ದು ಬಂದವು ಬೀಸೋಕಲ್ಲು, ಒನಕೆ, ಗೊರವಯ್ಯನ ಕರಡಿಕೂದಲ ಟೋಪಿ, ಕೋಲಾಟದ ಗೆಜ್ಜೆಕೋಲು.

ಆಕೆಯ ದಿನಚರಿಯೆಂದರೆ ಭಯಗಳ ಸರದಿ. ಬೆಳಿಗ್ಗೆ ಇಲಿಯ ಭಯ; ತಮಟೆಯ ಚರ್ಮವೆಂದರೆ ಇಲಿಗೆ ಹಪ್ಪಳ. ಮಧ್ಯಾಹ್ನ ಶಾಲೆಯ ಮಕ್ಕಳು; ಒನಕೆ ಕಂಡರೆ ಸಾಕು, ಅವರಿಗೆ ಕ್ರಿಕೆಟ್ ನೆನಪಾಗುತ್ತದೆ. ಸಂಜೆ ಮದುವೆಗೆ ಮುಂಚಿನ ಫೋಟೊದವರು. "ಆಂಟಿ, ಆ ಬೀಸೋಕಲ್ಲು ಒಂಚೂರು ಈಚೆ ತಳ್ತೀರಾ? ಲೈಟಿಂಗ್ ಬರ್ತಾ ಇಲ್ಲ." "ನೀನೇ ತಳ್ಳಪ್ಪಾ ರಾಜ." ರಾಜನಿಂದ ಕಲ್ಲು ಕದಲುವುದಿಲ್ಲ. ಇದೆಲ್ಲ ದಿನದಿನದ ಭಯ. ಇದಕ್ಕೆ ಆಕೆ ಒಗ್ಗಿದ್ದಾರೆ. ಸೋಮನ ಭಯ ಮಾತ್ರ ಬೇರೆ. ಅದಕ್ಕೆ ಒಗ್ಗುವುದು ಎಂಬುದೇ ಇಲ್ಲ.

ಸೋಮನಿಗೆ ಕಟ್ಟಳೆಗಳಿವೆ. ಅವನನ್ನು ಹೊರುವ ಮನೆತನದವರ ಹೊರತು ಬೇರೆ ಯಾರೂ ಮುಟ್ಟುವಂತಿಲ್ಲ. ಈಗ ಹೊರುವವನು ಸಿದ್ದೇಶ್, ಬಸ್ಸಿನ ಡ್ರೈವರ್. ಸೋಮನ ಫೋಟೊ ತೆಗೆಯುವಂತಿಲ್ಲ. ಎಲ್ಲಕ್ಕಿಂತ ಮುಖ್ಯವಾಗಿ, ಅವನ ಮುಖವನ್ನು ಯಾರೂ ನೆಟ್ಟಗೆ ನೋಡುವಂತಿಲ್ಲ. ಅವನು ಬೀದಿಗೆ ಬಂದಾಗ ಊರು ಅವನ ಗೆಜ್ಜೆಕಾಲು ನೋಡುತ್ತದೆ. ಕೈ ಮುಗಿಯುವಾಗ ಕಣ್ಣು ಮುಚ್ಚುತ್ತದೆ. ಕೆಂಪು ಬಣ್ಣ, ಕೋರೆ, ಕಣ್ಣು ಇಷ್ಟು ಎಲ್ಲರಿಗೂ ಗೊತ್ತು. ಹುಟ್ಟಿದಾಗಿನಿಂದ ಅವನ ನೆರಳಲ್ಲೇ ಬೆಳೆದವರಿಗೂ ಅದಕ್ಕಿಂತ ಹೆಚ್ಚು ಗೊತ್ತಿಲ್ಲ.

ಹಾಗಾದರೆ ಧೂಳು? ಉದ್ದ ಕೋಲಿನ ತುದಿಗೆ ನವಿಲುಗರಿಯ ಕಟ್ಟು ಬಿಗಿದುಕೊಂಡು, ಕೈ ತಾಗಿಸದೆ ಚಿಕ್ಕಲಕ್ಷ್ಮಮ್ಮ ಒರೆಸುತ್ತಾರೆ. ನೋಡದೆ ಒರೆಸುತ್ತೀರಾ ಎಂದು ನಾವು ಕೇಳಿದರೆ ಅತ್ತಿತ್ತ ನೋಡಿ ದನಿ ತಗ್ಗಿಸುತ್ತಾರೆ. "ನೋಡ್ದೆ ಒರೆಸಿದ್ರೆ ಕೋರೆಗೆ ಕೋಲು ತಾಗಲ್ವಾ? ನೋಡ್ತೀನಿ. ದಿನಾ ನೋಡ್ತೀನಿ. ಆದ್ರೆ ಅದನ್ನ ಬರೀಬೇಡಿ."

ಒಂದು ಬೆಳಿಗ್ಗೆ ಹಾಗೆ ಒರೆಸುತ್ತಿದ್ದಾಗ ಸದ್ದು ಕೇಳಿಸಿತು. ಕರ್ರ್... ಕರ್ರ್. ನಿಂತರೆ ನಿಲ್ಲುತ್ತದೆ. ತಿರುಗಿದರೆ ಮತ್ತೆ ಕರ್ರ್. ಆ ಸದ್ದನ್ನು ಆಕೆ ಈಗಲೂ ಹಲ್ಲಿನ ಮೇಲೆ ಹಲ್ಲು ತೇಯ್ದು ಮಾಡಿ ತೋರಿಸುತ್ತಾರೆ. ಕೇಳಿದವರ ತೋಳಿನ ರೋಮ ನಿಲ್ಲುತ್ತದೆ. ಸೋಮ ಹಲ್ಲು ಕಡಿದರೆ ಊರಿಗೆ ಆಗಿಬರುವುದಿಲ್ಲ ಎಂಬುದು ಹುಣಸೆಕೊಪ್ಪಲಿನ ನಂಬಿಕೆ. ಆಕೆ ಯಾರಿಗೂ ಹೇಳಲಿಲ್ಲ. ಹೇಳಿದರೆ ಯಾಕೆ ಕೋಪ ಬಂತು ಎಂದು ಕೇಳುತ್ತಾರೆ. ಯಾಕೆಂದು ಆಕೆಗೆ ಗೊತ್ತಿತ್ತು, ಅಥವಾ ಗೊತ್ತಿದೆಯೆಂದು ಆಕೆ ನಂಬಿದ್ದರು. ದಿನಾ ಮುಖ ನೋಡುವವರು ಊರಿಗೆಲ್ಲ ಒಬ್ಬರೇ ತಾನೆ? ತಂಬಿಟ್ಟು ಇಟ್ಟರು. ನಿಂಬೆಹಣ್ಣು ನಿವಾಳಿಸಿದರು. ತಪ್ಪಾಯಿತೆಂದು ಕೆನ್ನೆ ಬಡಿದುಕೊಂಡರು. ಕರ್ರ್ ನಿಲ್ಲಲಿಲ್ಲ. ಮನೆಗೆ ಹೋದರೆ ಮಲಗಿದ ಗಂಡನ ಹಲ್ಲು ಕಡಿಯುವ ಸದ್ದೂ ಅದೇ ಅನ್ನಿಸಿ, ಎಬ್ಬಿಸಿ ಕೂರಿಸಿದ್ದುಂಟು.

ಆಮೇಲೆ ಸೋಮನನ್ನು ಕೂರಿಸಿದ್ದ ಪೀಠದ ಕೆಳಗೆ ಹಿಟ್ಟು ಕಂಡಿತು. ಗೋಧಿಹಿಟ್ಟಿನಂಥ ನುಣುಪು ಹಿಟ್ಟು. ಗುಡಿಸಿದಷ್ಟೂ ಮರುದಿನ ಮತ್ತೆ. ಆ ವಾರ ಆರ್‌ಪಿಸಿ ಲೇಔಟಿನ ರಾಗಿಣಿ ತಮ್ಮ ಕಾಲೇಜಿನ ವಿದ್ಯಾರ್ಥಿಗಳೊಂದಿಗೆ ಜಾನಪದ ಮನೆ ನೋಡಲು ಬಂದಿದ್ದರು. ಅವರು ಪ್ರಾಣಿಶಾಸ್ತ್ರ ಕಲಿಸುವವರು. ಹಿಟ್ಟು ನೋಡಿದವರೇ ನೆಲಕ್ಕೆ ಮಂಡಿಯೂರಿ, ಫೋನಿನ ಬೆಳಕು ಬಿಟ್ಟು, ಪೀಠದ ಅಡಿಯನ್ನು ಇಣುಕಿದರು. ಗುಂಡುಸೂಜಿ ಚುಚ್ಚಿದಂಥ ತೂತುಗಳು, ಎಣಿಸಲಾಗದಷ್ಟು.

"ಅಮ್ಮಾ, ಇದು ಹಲ್ಲಲ್ಲ. ಹುಳ. ಮರ ಕೊರೆಯೋ ಹುಳ. ಪೀಠದಲ್ಲಿ ಹುಟ್ಟಿ ಮೇಲಕ್ಕೆ ಹತ್ತಿದೆ."

ಆ ಗಳಿಗೆಯಲ್ಲಿ ಭಯ ಕಡಿಮೆಯಾಗಬೇಕಿತ್ತು. ಆಗಲಿಲ್ಲ. "ಹಲ್ಲು ಕಡಿಯೋದಾದ್ರೆ ಕೈ ಮುಗ್ದು ಕೇಳ್ಕೋಬೋದು," ಎನ್ನುತ್ತಾರೆ ಚಿಕ್ಕಲಕ್ಷ್ಮಮ್ಮ. "ಹುಳಕ್ಕೆ ಏನಂತ ಕೇಳ್ಕೊಳ್ಳೋದು?"

ಅದಕ್ಕಿಂತ ದೊಡ್ಡ ಕಷ್ಟ ಪೀಠದ್ದು. ಮೊದಲೆಲ್ಲ ಸೋಮ ಇದ್ದದ್ದು ಸಿದ್ದೇಶನ ಮನೆಯ ಅಟ್ಟದಲ್ಲಿ, ಒಲೆಯ ನೇರಕ್ಕೆ, ಕಂಬಳಿ ಸುತ್ತಿ. ತಲೆಮಾರುಗಳ ಹೊಗೆ ಕುಡಿದ ಮರಕ್ಕೆ ಹುಳ ಹತ್ತಿರ ಸುಳಿಯಲಿಲ್ಲ. ಆ ಮನೆಗೆ ಗ್ಯಾಸು ಬಂತು, ಅಟ್ಟ ಹೋಯಿತು, ಸೋಮ ಜಾನಪದ ಮನೆಗೆ ಬಂದ. ಊರಿನ ಕಾವಲುಗಾರ ಹಲಗೆಯ ಮೇಲೆ ಮಲಗುವುದು ಮರಿಯಪ್ಪನವರಿಗೆ ಸರಿ ಕಾಣಲಿಲ್ಲ. ಭಕ್ತಿಯಿಂದ ಒಂದು ಸಿಂಹಾಸನ ಮಾಡಿಸಿದರು. ಚಿನ್ನದ ಬಣ್ಣ, ಎರಡು ಕಡೆ ಸಿಂಹದ ಮುಖ, ಮುಂದುಗಡೆ ಅವರ ತಂದೆಯ ಹೆಸರಿನ ಕೆತ್ತನೆ. ಹುಣಸೆಕೊಪ್ಪಲಿನಲ್ಲಿ ದಾನ ಕೊಟ್ಟ ವಸ್ತುವಿನ ಮೇಲೆ ಹೆಸರಿಲ್ಲದಿದ್ದರೆ ದಾನ ಮುಟ್ಟಿದಂತಲ್ಲ. ಜಾನಪದ ಮನೆಯ ಫ್ಯಾನಿನ ರೆಕ್ಕೆಗಳ ಮೇಲೂ ಹೆಸರುಗಳಿವೆ. ತಿರುಗಿದರೆ ಓದಲಾಗುವುದಿಲ್ಲ ಎಂದು ಒಬ್ಬ ದಾನಿ ಫ್ಯಾನು ನಿಲ್ಲಿಸಿದ್ದೂ ಆಗಿದೆ. ಬಡಗಿ ತೇಗವೆಂದು ಹೇಳಿ ಬಣ್ಣದಡಿಯಲ್ಲಿ ಹಸಿ ಮಾವು ಸೇರಿಸಿದ್ದ. ಆ ಹಸಿ ಮರದ ಹುಳ, ಹೊಗೆ ತಪ್ಪಿಹೋದ ಸೋಮನ ಹಳೆಯ ಮರಕ್ಕೆ ದಾಟಿತು. ಈಗ ಹೋಗಿ ಮರಿಯಪ್ಪನವರಿಗೆ ಯಾರು ಹೇಳುವುದು, ನಿಮ್ಮ ತಂದೆಯ ಹೆಸರಿನ ಪೀಠ ಸೋಮನನ್ನು ತಿನ್ನುತ್ತಿದೆ ಎಂದು?

ಚಿಕ್ಕಲಕ್ಷ್ಮಮ್ಮ ರಾಗಿಣಿಯನ್ನು ಜತೆಗಿಟ್ಟುಕೊಂಡು ಹೋದರು. ಜಗಲಿಯಲ್ಲಿ ಕಾಫಿ ಹೀರುತ್ತಿದ್ದ ಮರಿಯಪ್ಪ ಹುಬ್ಬೇರಿಸಿದರು.

"ಏನಮ್ಮಾ ಚಿಕ್ಕಲಕ್ಷ್ಮಿ, ಬೆಳಗ್ಗೆ ಬೆಳಗ್ಗೇನೇ ಕಾಲೇಜನ್ನೇ ಕರ್ಕೊಂಡ್ ಬಂದ್ಬಿಟ್ಟಿದೀಯ?"

"ಅಣ್ಣಾ, ಸೋಮಂಗೆ ಹುಳ ಬಿದ್ದೈತೆ."

"ಥೂ, ಬಾಯಿ ತೊಳ್ಕೋ. ಸೋಮಂಗೆ ಹುಳ ಬೀಳ್ತದಾ? ಎಲ್ಲಿಂದ ಬಿತ್ತಂತೆ?"

ಚಿಕ್ಕಲಕ್ಷ್ಮಮ್ಮ ರಾಗಿಣಿಯ ಕಡೆ ನೋಡಿದರು. ರಾಗಿಣಿಯೇ ಹೇಳಿದರು: "ಪೀಠದಿಂದ ಸಾರ್."

"ಅದು ತೇಗ ಕಣಮ್ಮಾ ಮೇಡಮ್ಮು! ನಮ್ಮಪ್ಪನ ಹೆಸ್ರು ಕೆತ್ತಿಸಿದೀನಿ ಅದ್ರ ಮೇಲೆ!"

"ಹುಳಕ್ಕೆ ಓದೋಕೆ ಬರಲ್ಲ ಸಾರ್."

ಮರಿಯಪ್ಪ ಲೋಟ ಕುಕ್ಕಿ ಎದ್ದರು. ಚಪ್ಪಲಿ ಮೆಟ್ಟದೆ ಜಾನಪದ ಮನೆಗೆ ನಡೆದರು. ಊರುಗೋಲಿನಿಂದ ಪೀಠದ ಮುಂಭಾಗಕ್ಕೆ ಒಂದೇ ಒಂದು ತಟ್ಟು. ತಂದೆಯ ಹೆಸರಿನ ಮೊದಲ ಅಕ್ಷರದಿಂದ ಹಿಟ್ಟು ಧಾರೆಯಾಗಿ ಸುರಿಯಿತು. "ಹುಳ ಬಿದ್ದ ರಾಗೀನ ಹೊಸ್ಲು ದಾಟೋಕೆ ಬಿಡ್ತಿರ್ಲಿಲ್ಲ ನಮ್ಮಪ್ಪ," ಎಂದಷ್ಟೇ ಹೇಳಿದರು. ಸಿದ್ದೇಶ್ ಬಂದು ಸೋಮನನ್ನು ಇಳಿಸಿದ ಮೇಲೆ ಪೀಠವನ್ನು ಅವರೇ ಹಿತ್ತಲಿಗೆಳೆದು, ಹೆಸರು ಕಾಣದ ಹಾಗೆ ಮಗುಚಿಹಾಕಿ ಬೆಂಕಿಯಿಟ್ಟರು.

ಔಷಧಿ ಹೊಡೆಯುವವನನ್ನು ಕರೆಸಲಾಯಿತು. ಅವನು ಚೀಲದಿಂದ ಸಿರಿಂಜು ತೆಗೆದು, "ಪ್ರತಿ ಹೋಲ್‌ಗೂ ಒಂದೊಂದ್ ಇಂಜೆಕ್ಷನ್ ಸಾರ್, ಮುಖದ ತುಂಬ," ಎಂದ. ಸೋಮನ ಕಣ್ಣಿನ ಪಕ್ಕಕ್ಕೆ ಸೂಜಿ? ಅಲ್ಲಿದ್ದವರೆಲ್ಲ ಒಟ್ಟಿಗೇ ಅವನನ್ನು ಬಾಗಿಲಿನವರೆಗೆ ಬಿಟ್ಟುಬಂದರು. ಕೊನೆಗೆ ಉಳಿದದ್ದು ರಾಗಿಣಿ ಹೇಳಿದ ದಾರಿ: ಗಾಳಿಯಾಡದಂತೆ ಸುತ್ತಿ, ಫ್ರೀಜರ್. ಅವರು ಮುಚ್ಚುಮರೆ ಮಾಡಲಿಲ್ಲ. "ಬರೀ ಮರ ಆಗಿದ್ರೆ ಹೆದರ್ತಿರ್ಲಿಲ್ಲ. ಬಣ್ಣ ಬಳಿದ ಹಳೇ ಮರ. ಬಿರುಕು ಬಿಡಬಹುದು. ಬಿಡಲ್ಲ ಅಂತ ನಾನು ಹೇಳಲ್ಲ."

ಮರಿಯಪ್ಪ ತಮ್ಮ ಮಂಟಪದ ಫ್ರೀಜರ್ ಕೊಡಲು ಒಪ್ಪಿದರು. ಒಪ್ಪಿ, ಚಿಕ್ಕಲಕ್ಷ್ಮಮ್ಮನ ಕಡೆಗೆ ತಿರುಗಿದರು. "ಒಂದ್ ಮಾತು. ಏನಾದ್ರೂ ಹೆಚ್ಚುಕಮ್ಮಿ ಆದ್ರೆ ಊರಿಗೆ ಉತ್ರ ಹೇಳೋಳು ನೀನು."

ಉಪವಾಸವಿದ್ದು, ಸ್ನಾನ ಮಾಡಿ, ಸಿದ್ದೇಶ್ ಸೋಮನನ್ನು ಎತ್ತಿಕೊಂಡ. ಕಟ್ಟಳೆಯಂತೆ ಕಣ್ಣು ಕೆಳಗೆ. ಪ್ಲಾಸ್ಟಿಕ್ ಸುತ್ತಿದ ಮುಖ ಅವನ ಎದೆಗೊರಗಿತ್ತು. ಅವನಿಗೆ ದಾರಿ ಕಾಣದು. ದಿನಾ ಬಸ್ಸು ತುಂಬ ಜನ ಕೂರಿಸಿಕೊಂಡು ಮೈಸೂರು ರಸ್ತೆಯಲ್ಲಿ ನುಗ್ಗುವವನು ಆವತ್ತು ಹೆಜ್ಜೆ ಹೆಜ್ಜೆಗೂ ತಡವರಿಸಿದ. ಮುಂದೆ ಚಿಕ್ಕಲಕ್ಷ್ಮಮ್ಮ, ಬಿಡದ ಕೂಗು: "ಹಳ್ಳ, ಹಳ್ಳ... ಎಡಕ್ಕೆ... ಸ್ಕೂಟ್ರು ನಿಂತೈತೆ... ನಾಯಿ, ಹಚಾ!" ಮಂಟಪದ ಮೆಟ್ಟಿಲ ಬಳಿ ಅವನು ಪಿಸುಗುಟ್ಟಿದ: "ಅಕ್ಕಾ, ತಂಪು ಮಾಡ್ತೀವಿ ಅಂತ ಅಮ್ಮನ ಗುಡೀಲಿ ಹೇಳ್ಕೊಂಡ್ ಬಂದಿದೀನಿ. ಎಷ್ಟು ತಂಪು ಅಂತ ಹೇಳಿಲ್ಲ."

ಅಂದಿನಿಂದ ಚಿಕ್ಕಲಕ್ಷ್ಮಮ್ಮನಿಗೆ ಎರಡು ಕಡೆ ಕೆಲಸ. ಬೆಳಗಿನ ಜಾವ ಇಲ್ಲಿ, ಹಗಲು ಅಲ್ಲಿ, ನಡುನಡುವೆ ಓಡಿಬಂದು ಇಲ್ಲಿ. ದಾರಿಯಲ್ಲಿ ಶಂಕ್ರವ್ವನ ಮನೆ. ಅವರ ಮಾವನ ತಮಟೆ ಜಾನಪದ ಮನೆಯಲ್ಲಿದೆ. ಆ ಹಕ್ಕಿನಿಂದ ಅವರು ಗೇಟಿನ ಮೇಲೆ ಮೊಣಕೈಯೂರಿ ಕಾದಿರುತ್ತಾರೆ.

"ಏನಮ್ಮಾ, ಸೋಮಂಗೆ ದಿನಾ ಕುಲ್ಫಿ ಅಂತೆ?"

"ಕುಲ್ಫಿ ಇಲ್ಲಕ್ಕಾ, ಬರೀ ಚಳಿ."

"ನೋಡ್ಕೋ. ನೀನ್ ಕೊಟ್ಟ ಚಳಿಗೆ ಅವ್ನು ಜ್ವರ ಕೊಟ್ಟಾನು, ಊರ್ಗೆಲ್ಲ."

ನಕ್ಕು ಹೇಳಿದ ಮಾತೇ. ಆದರೆ ಅದನ್ನು ನಮಗೆ ಹೇಳುವಾಗ ಚಿಕ್ಕಲಕ್ಷ್ಮಮ್ಮ ನಗಲಿಲ್ಲ. ಮುಂದಿನ ಬೀದಿಯಲ್ಲಿ ಯಾವ ಮಗು ಕೆಮ್ಮಿದರೂ ಆಕೆ ನಿಂತು ಕಿವಿಗೊಡುತ್ತಾರೆ.

ಮೊದಲ ವಾರದಲ್ಲೇ ಮಂಟಪಕ್ಕೆ ಒಂದು ಮದುವೆ ಬಂತು. ಅಡುಗೆ ಕಂಟ್ರಾಕ್ಟರಿಗೆ ಯಾರೂ ಹೇಳಿರಲಿಲ್ಲ. ಐಸ್‌ಕ್ರೀಮ್ ಡಬ್ಬ ಇಡಲು ಮುಚ್ಚಳ ಎತ್ತಿದರೆ, ಮಂಜು ಕಟ್ಟಿದ ಪ್ಲಾಸ್ಟಿಕ್ಕಿನೊಳಗಿಂದ ಎರಡು ಕಣ್ಣು. ಅವನು ಕಿರುಚಿದ ರಭಸಕ್ಕೆ ನಾದಸ್ವರ ಅರೆಗಳಿಗೆ ನಿಂತಿತಂತೆ. ಅದನ್ನು ಗಟ್ಟಿಮೇಳದ ಕೂಗೆಂದು ಭಾವಿಸಿ ಒಂದಿಬ್ಬರು ಅಕ್ಷತೆಯನ್ನೂ ಎರಚಿಬಿಟ್ಟರಂತೆ. ಮುಚ್ಚಳ ತೆರೆದೇ ಇತ್ತು. ಓಡಿಬಂದು ಮುಚ್ಚಿದವರು ಚಿಕ್ಕಲಕ್ಷ್ಮಮ್ಮ. ಆ ಮದುವೆಯಲ್ಲಿ ಊಟದ ಕೊನೆಗೆ ಬಾಳೆಹಣ್ಣು.

ಅದಾದರೂ ನಗುವ ವಿಷಯ. ನಗಲಾಗದ್ದು ಆಮೇಲಿನ ಒಂದು ಮಧ್ಯಾಹ್ನದ್ದು. ಬೀದಿ ಕೊನೆಯ ಟ್ರಾನ್ಸ್‌ಫಾರ್ಮರ್ ಢಂ ಎಂದಿತು. ಜಾನಪದ ಮನೆಯಲ್ಲಿದ್ದ ಚಿಕ್ಕಲಕ್ಷ್ಮಮ್ಮ ಬಾಗಿಲು ಹಾಕುವುದನ್ನೂ ಮರೆತು ಓಡಿದರು. ಫ್ರೀಜರ್ ಮೌನವಾಗಿತ್ತು. "ಅಷ್ಟು ದಿನ ಗುಂಯ್ ಅಂತಿದ್ದದ್ದು ಸುಮ್ನಾಯ್ತಲ್ಲ, ಹೆಣದ ಮನೇಗೆ ಬಂದಂಗಾಯ್ತು." ಜನರೇಟರ್ ಕೋಣೆಯ ಬೀಗದ ಕೈ ಮರಿಯಪ್ಪನವರ ಬಳಿ, ಮರಿಯಪ್ಪ ಮಾಗಡಿಯಲ್ಲಿ ನೆಂಟರ ಮನೆಯಲ್ಲಿ, ಅವರ ಫೋನು ಯಾರ ಜೇಬಿನಲ್ಲೋ. ರಾಗಿಣಿಗೆ ಫೋನ್ ಹಚ್ಚಿದರು. "ಮುಚ್ಚಳ ತೆಗೀಲೇಬೇಡಿ ಅಮ್ಮಾ. ಮೇಲೆ ಏನಾದ್ರೂ ದಪ್ಪಗೆ ಹೊದಿಸಿ. ಕರಗಿ ಮತ್ತೆ ಹೆಪ್ಪುಗಟ್ಟಿದ್ರೆ ಮರಕ್ಕೆ ಕಷ್ಟ." ಮಂಟಪದ ಜಮಖಾನ, ಚೀಲ, ಮದುಮಕ್ಕಳ ಕೋಣೆಯ ಹಾಸಿಗೆ, ತಮ್ಮ ಮನೆಯ ರಗ್ಗು, ಎಲ್ಲ ತಂದು ಹೇರಿ, ಎರಡೂ ತೋಳು ಚಾಚಿ ಅದರ ಮೇಲೆ ಕವುಚಿಕೊಂಡರು. ಒಳಗೆ ಏನೋ ಟಿಕ್ ಎಂದಿತು. ಮಂಜು ಸಡಿಲವಾದದ್ದೋ, ಮರವೋ. ಆಕೆಗೆ ಗೊತ್ತಾಗಲಿಲ್ಲ. ತೆಗೆದು ನೋಡುವಂತಿಲ್ಲ. ಕರೆಂಟು ಬಂದದ್ದು ಹೊತ್ತು ಇಳಿದ ಮೇಲೆ.

"ಆ ಟಿಕ್ಕು ನನ್ ಎದೆ ಒಳಗೇ ಐತೆ," ಎನ್ನುತ್ತಾರೆ.

ಎರಡು ವಾರ ಮುಗಿದು, ಬೆವರದಿರಲೆಂದು ಮತ್ತೊಂದು ದಿನ ಸುತ್ತಿದ ಹಾಗೆಯೇ ಹೊರಗಿಟ್ಟು, ಇಂದು ಬಿಚ್ಚುವ ಬೆಳಿಗ್ಗೆ. ಜಾನಪದ ಮನೆಯಲ್ಲಿ ಕಾಲಿಡಲು ಜಾಗವಿಲ್ಲ. ವಸ್ತು ಇಟ್ಟ ಮನೆಗಳವರೆಲ್ಲ ಬಂದಿದ್ದಾರೆ. ಶಂಕ್ರವ್ವ ತಮ್ಮ ಮಾವನ ತಮಟೆಯ ಕೆಳಗೇ ನಿಂತಿದ್ದಾರೆ. ಸಿದ್ದೇಶ್ ಮಂಡಿಯೂರಿ ಪ್ಲಾಸ್ಟಿಕ್ ಕತ್ತರಿಸುತ್ತಾನೆ. ಬಣ್ಣ ಎದ್ದಿಲ್ಲ. ಕೋರೆ ಎರಡೂ ಇವೆ. ರಾಗಿಣಿ ಕಿವಿ ಹತ್ತಿರ ಒಯ್ಯುತ್ತಾರೆ. ಅಷ್ಟು ಜನರಿದ್ದೂ ಗೋಡೆ ಗಡಿಯಾರ ಕೇಳಿಸುತ್ತದೆ. "ಸದ್ದಿಲ್ಲ," ಎನ್ನುತ್ತಾರೆ. ಯಾರೋ ಚಪ್ಪಾಳೆ ತಟ್ಟಿಯೂಬಿಡುತ್ತಾರೆ.

ಸಿದ್ದೇಶನ ಹೆಬ್ಬೆರಳು ಮಾತ್ರ ಸೋಮನ ಎಡಗೆನ್ನೆಯ ಮೇಲೆ ನಿಂತುಬಿಟ್ಟಿದೆ.

"ಇಲ್ಲೊಂದ್ ಗೀರೈತೆ."

ಮೇಲಿಂದ ಕೆಳಗೆ, ಕೂದಲೆಳೆಯಷ್ಟು ಸಣ್ಣದು. ಮರಿಯಪ್ಪ ಬಗ್ಗಿ, ಅರ್ಧ ನೋಡಿ, ಕಣ್ಣು ತಗ್ಗಿಸುತ್ತಾರೆ. "ಮೊದ್ಲೇ ಇತ್ತೇನೋ. ನೀನೇ ಹೊರೋನಲ್ವೇನಯ್ಯಾ, ನಿಂಗೊತ್ತಿಲ್ವಾ?"

"ನಾನ್ ಒಳಗಿಂದ ನೋಡೋನು ಮರಿಯಪ್ಪಣ್ಣ. ಹೊರಗಿನ ಮುಖ ನಂಗೇನ್ ಗೊತ್ತು?"

ಒಬ್ಬರ ಮುಖ ಒಬ್ಬರು ನೋಡುತ್ತಾರೆ. ತೋರಿಸಲು ಒಂದು ಫೋಟೊ ಇಲ್ಲ. ಅಷ್ಟು ಮನೆಗಳವರಲ್ಲಿ ತಮ್ಮ ಸೋಮನ ಎಡಗೆನ್ನೆ ಹೇಗಿತ್ತೆಂದು ಹೇಳಬಲ್ಲವರು ಯಾರೂ ಇಲ್ಲ. ಎಲ್ಲರಿಗೂ ಅದು ಹಳೆಯದಾಗಿಯೇ ಇರಬೇಕಾಗಿದೆ. "ಹಳೇದೇ ಇರ್ಬೇಕು ಬಿಡಿ," ಎನ್ನುತ್ತದೆ ಹಿಂದಿನಿಂದ ಒಂದು ದನಿ. "ಅಲ್ವೇನಮ್ಮಾ ಚಿಕ್ಕಲಕ್ಷ್ಮಿ? ಹಳೇದು ತಾನೆ?" ಎನ್ನುತ್ತಾರೆ ಮರಿಯಪ್ಪ. ಅದು ಪ್ರಶ್ನೆಯಲ್ಲ. ಹೂಂ ಎಂದುಬಿಡು ಎಂಬ ಬೇಡಿಕೆ.

ಚಿಕ್ಕಲಕ್ಷ್ಮಮ್ಮ ಗೋಡೆಗೆ ಒರಗಿ ನಿಂತಿದ್ದಾರೆ. ಹೂಂ ಎಂದರೆ ಎಲ್ಲರೂ ಮನೆಗೆ ಹೋಗುತ್ತಾರೆ, ವಸ್ತುಗಳು ಗೋಡೆಯಲ್ಲೇ ಉಳಿಯುತ್ತವೆ. ಸೆರಗಿನ ತುದಿ ಬೆರಳಿಗೆ ಸುತ್ತಿ ಸುತ್ತಿ ಬೆರಳು ಬಿಳಿಚಿಕೊಂಡಿದೆ.

"ಹೊಸ್ದು ಅಣ್ಣಾ."

"ಏನು?"

"ಹೊಸ್ದು. ಫ್ರೀಜರ್‌ಗೆ ಹೋಗೋವಾಗ ಇರ್ಲಿಲ್ಲ."

"ನಿಂಗೆ ಹೆಂಗ್ ಗೊತ್ತು?"

"ದಿನಾ ನೋಡ್ತೀನಲ್ಲ."

ಬಿರುಕನ್ನು ಎಲ್ಲರೂ ಮರೆತುಬಿಡುತ್ತಾರೆ. ಶಂಕ್ರವ್ವ ಬಾಯಿಗೆ ಕೈ ಅಡ್ಡ ಹಿಡಿಯುತ್ತಾರೆ. "ನೋಡ್ತೀಯಾ? ಸೋಮನ್ ಮುಖಾನಾ? ಕಣ್ಣಿಟ್ಟು?"

"ನೋಡ್ದೆ ಹೆಂಗಕ್ಕಾ ಧೂಳು ಒರೆಸ್ಲಿ?" ಚಿಕ್ಕಲಕ್ಷ್ಮಮ್ಮ ಗೋಡೆ ಬಿಟ್ಟು ಮುಂದೆ ಬಂದು, ಒಂದೊಂದನ್ನೇ ಬೆರಳು ಮಾಡಿ ತೋರಿಸುತ್ತಾರೆ. "ಬಲಗಣ್ಣಿನ ರೆಪ್ಪೆ ಮೇಲೆ ಬಣ್ಣ ಹೋಗಿರೋದು ಹಳೇದು. ಮೂಗಿನ ಪಕ್ಕದ ಚುಕ್ಕಿ ಹಳೇದು. ಇದು ಹೊಸ್ದು. ಕರೆಂಟ್ ಹೋದ ದಿನ ಆಗಿದ್ದಿರ್ಬೇಕು. ನಾನೇ ಕಾವಲಿದ್ದೆ. ಉತ್ರ ಹೇಳು ಅಂದಿದ್ರಲ್ಲ ಅಣ್ಣಾ, ಇದೇ ಉತ್ರ."

ರಾಗಿಣಿ ಏನೋ ಹೇಳಲು ಹೋಗುತ್ತಾರೆ: ಬಿರುಕು ಆಳವಿಲ್ಲ, ತುಂಬಬಹುದು, ಹುಳ ಸತ್ತಿರುವುದೇ ದೊಡ್ಡದು. ಯಾರಿಗೂ ಕೇಳಿಸುವುದಿಲ್ಲ. ಶಂಕ್ರವ್ವ ತಮಟೆಯನ್ನು ಮೊಳೆಯಿಂದ ಇಳಿಸಿ ಕಂಕುಳಲ್ಲಿಟ್ಟುಕೊಂಡು ಹೊರಗೆ ನಡೆಯುತ್ತಾರೆ. ಅವರ ಹಿಂದೆ ಕೊಳಗದ ಮನೆಯವರು. ಇನ್ನು ಕೆಲವರು ತಮ್ಮ ವಸ್ತುವಿನವರೆಗೆ ಹೋಗಿ, ಮುಟ್ಟಿ, ನಿಲ್ಲುತ್ತಾರೆ. ಎತ್ತಿಕೊಳ್ಳುವುದಿಲ್ಲ. ಸಿದ್ದೇಶ್ ಮುಖವಾಡವನ್ನು ಮಗುಚಿ, ಒಳಮೈಯನ್ನು ಅಂಗೈಯಲ್ಲಿ ನಿಧಾನ ಸವರುತ್ತಿದ್ದಾನೆ.

"ನನ್ ಮುಖಕ್ಕೆ ಹತ್ತೋದು ಈ ಕಡೆ. ಈ ಕಡೆ ಬಿರುಕಿಲ್ಲ," ಎನ್ನುತ್ತಾನೆ, ಯಾರಿಗೆಂದು ಹೇಳದೆ. "ಹಬ್ಬಕ್ಕೆ ನಾನ್ ಕಟ್ತೀನಿ."

ಮರಿಯಪ್ಪನವರು ಊರುಗೋಲು ಹಿಡಿದು ಎದ್ದವರು ಬಾಗಿಲ ಬಳಿ ಒಂದು ಕ್ಷಣ ನಿಲ್ಲುತ್ತಾರೆ. ಬೈಯುತ್ತಾರೆಂದು ಚಿಕ್ಕಲಕ್ಷ್ಮಮ್ಮ ಭುಜ ಕುಗ್ಗಿಸುತ್ತಾರೆ. "ಹಲಗೆ ಮೇಲೆ ಮಲಗಿಸು," ಎಂದಷ್ಟೇ ಹೇಳಿ ಹೋಗುತ್ತಾರೆ.

ಎಲ್ಲರೂ ಹೋದ ಮೇಲೆ ಆಕೆ ತಮಟೆಯಿದ್ದ ಮೊಳೆಯ ಸುತ್ತ ಧೂಳು ಒರೆಸುತ್ತಾರೆ. ಗೋಡೆಯ ಮೇಲೆ ಬಣ್ಣ ಮಾಸದ ಒಂದು ದುಂಡನೆಯ ಜಾಗ ಉಳಿದಿದೆ. ಇನ್ನು ಊರಿನಲ್ಲಿ ಯಾರಿಗೇ ಕೇಡಾದರೂ ಅದು ತಮ್ಮ ಕಣ್ಣಿನ ಲೆಕ್ಕಕ್ಕೇ ಬರುತ್ತದೆಂದು ಆಕೆಗೆ ಗೊತ್ತು. ಮೊನ್ನೆ ತಮಗೇ ಕಣ್ಣುರಿ ಬಂದಿತ್ತಂತೆ. ಡಾಕ್ಟರು ಧೂಳು ಎಂದರಂತೆ. ಆಕೆ ಹೌದೆಂದು ಔಷಧಿ ಬಿಟ್ಟುಕೊಂಡರು, ಆದರೂ ಆ ರಾತ್ರಿ ಗಂಡನ ಕೈ ಹಿಡಿದುಕೊಂಡೇ ಮಲಗಿದರು.

ಆಗಾಗ ಬಾಗಿಲ ಕಡೆ ನೋಡುತ್ತಾರೆ, ಇನ್ನಾರಾದರೂ ವಾಪಸು ಕೇಳಲು ಬಂದರೇನೋ ಎಂದು. ಈಗ ಏನು ಬೇಕು ಅನ್ನಿಸುತ್ತದೆ ಎಂದು ನಾವು ಕೇಳಿದರೆ, ಗರಿಯ ಕೋಲನ್ನು ಗೋಡೆಗೆ ಒರಗಿಸಿ, ಹಲಗೆಯ ಮೇಲೆ ಮಲಗಿದ ಸೋಮನ ಕಡೆಗೆ ತಿರುಗುತ್ತಾರೆ.

"ಇನ್ನೊಬ್ರು ಬೇಕು. ನಾಳೆ ನಂಗೇನಾದ್ರೂ ಆದ್ರೆ ಯಾವ ಗೀರು ಹಳೇದು, ಯಾವ್ದು ಹೊಸ್ದು ಅಂತ ಹೇಳೋರ್ ಯಾರವ್ರೆ? ಯಾರಾದ್ರೂ ಒಬ್ರು ನನ್ ಪಕ್ಕ ನಿಂತು ಈ ಮುಖ ನೋಡ್ಬೇಕು. ಹೆದರ್ಕೊಂಡೇ ನೋಡ್ಲಿ, ಪರ್ವಾಗಿಲ್ಲ. ನಾನೇನ್ ಹೆದರ್ದೆ ನೋಡ್ತಿದೀನಾ?"